ತಿಜೋರಿಯ ಎರಡನೇ ಕೀಲಿ

ಊರು ಬಿಟ್ಟವರು ಬರೆಯಲು ಕೂತರೆ ಸಾಮಾನ್ಯವಾಗಿ ಬಿಟ್ಟ ಊರಿನ ಬಗ್ಗೆಯೇ ಬರೆಯುತ್ತಾರೆ. ನಾನು ಬರೆಯಹೊರಟಿರುವುದು ಅಮೆರಿಕದ ಕೌಬಾಯ್ ಸಿನಿಮಾಗಳ ಬಗ್ಗೆ. 1982ರಲ್ಲಿ ಕುಮಟೆಯಿಂದ ಆಗಿನ ಬೊಂಬಾಯಿಗೆ ಬಂದು, ನಡುವೆ ನಾಗಪುರ, ಸೂರತ್ತಿನ ನಾಲ್ಕು ವರ್ಷ ಬಿಟ್ಟರೆ ನಿವೃತ್ತಿಯವರೆಗೂ ಇಲ್ಲೇ ಬ್ಯಾಂಕಿನ ಕೌಂಟರಿನ ಒಳಗಡೆ ಕಳೆದವನು ನಾನು. ಕುದುರೆ, ಕೋವಿ, ಧೂಳು ಇವುಗಳಿಗೂ ಎಂಕಾಂ ಓದಿದ ಈ ಮನುಷ್ಯನಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ. ಯಾರೂ ನಮ್ಮ ಗುರುತು ಹಿಡಿಯದ ಊರಿನಲ್ಲಿ ನಾವು ಯಾಕೆ ನೆಟ್ಟಗಿರಬೇಕು ಎಂಬ ಪ್ರಶ್ನೆಯನ್ನು ಈ ಸಿನಿಮಾಗಳಷ್ಟು ನೇರವಾಗಿ ಕೇಳಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಊರಿನಲ್ಲಿ ನಮ್ಮ ನಡತೆಯನ್ನು ಕಾಯುವವರು ಬಹಳ ಜನ. ಬಸ್‌ ಸ್ಟ್ಯಾಂಡಿನ ಹಿಂದೆ ನಿಂತು ಒಂದು ಬೀಡಿ ಸೇದಿದರೆ ನೀವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತದೆ. 'ಇವ ಯಾರ ಮಗ?' ಎಂಬ ಒಂದು ಪ್ರಶ್ನೆ ಸಾಕು, ಎಂಥ ಪೋರನೂ ತಲೆ ತಗ್ಗಿಸುತ್ತಾನೆ. ಮುಂಬೈಯಲ್ಲಿ ಆ ಪ್ರಶ್ನೆ ಕೇಳುವವರೇ ಇಲ್ಲ. ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ದಿನಾ ಸಂಜೆ ನನ್ನನ್ನು ತಳ್ಳಿಕೊಂಡು ಹೋದ ಸಾವಿರಾರು ಜನರಲ್ಲಿ ಒಬ್ಬನಿಗೂ ನಾನು ಯಾರ ಮಗ ಎಂಬುದು ಬೇಕಾಗಿರಲಿಲ್ಲ. ಮೊದಮೊದಲು ಇದರಿಂದ ದೊಡ್ಡ ನಿರಾಳವಾಗುತ್ತದೆ. ಆಮೇಲೆ ನಿಧಾನಕ್ಕೆ ಒಂದು ಅನುಮಾನ ಶುರುವಾಗುತ್ತದೆ. ಇಷ್ಟು ದಿನ ನಾನು ಒಳ್ಳೆಯವನಾಗಿದ್ದೆನಲ್ಲ, ಆ ಒಳ್ಳೆಯತನ ನನ್ನದಾಗಿತ್ತೋ, ಊರಿನದಾಗಿತ್ತೋ?

ಇದು ಕನ್ನಡದ ಓದುಗರಿಗೆ ಹೊಸ ಪ್ರಶ್ನೆಯಲ್ಲ. 1965ರಲ್ಲಿ ಬಂದ ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಯನ್ನು, ಇಲ್ಲವೇ 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ಅದನ್ನು ಸಿನಿಮಾ ಮಾಡಿದ್ದನ್ನು ನೆನಪಿಸಿಕೊಳ್ಳಿ. ನಾವೆಲ್ಲ ಚರ್ಚೆ ಮಾಡುವುದು ಅಗ್ರಹಾರದ ಭಾಗವನ್ನು, ಹೆಣದ ಭಾಗವನ್ನು. ನನ್ನನ್ನು ಕಾಡಿದ್ದು ಅಗ್ರಹಾರ ಬಿಟ್ಟ ಮೇಲಿನ ಭಾಗ. ಪ್ರಾಣೇಶಾಚಾರ್ಯರು ಪುಟ್ಟನ ಜೊತೆ ಮೇಳಿಗೆಯ ಜಾತ್ರೆಯಲ್ಲಿ ಅಲೆಯುತ್ತಾರೆ. ವೇದಾಂತ ಶಿರೋಮಣಿಗಳು ಎಂಬ ಹೆಸರು ಅಲ್ಲಿ ಅವರ ಬೆನ್ನಿಗಿಲ್ಲ. ಬರೀ ಒಬ್ಬ ದಾರಿಹೋಕ. ಯಾರಾದರೂ ಗುರುತು ಹಿಡಿದರೆ ಎಂಬ ಭಯ ಒಂದು ಕಡೆ, ಗುರುತೇ ಇಲ್ಲದಿದ್ದರೆ ತಾನು ಯಾರು ಎಂಬ ಭಯ ಇನ್ನೊಂದು ಕಡೆ. ನಮ್ಮ ದೊಡ್ಡ ಕೃತಿಗಳಲ್ಲಿ ಇಂಥ ಪುಟಗಳು ಕಡಿಮೆ. ಹೆಚ್ಚಿನವು ಸಮಾಜವು ಒಬ್ಬ ವ್ಯಕ್ತಿಯನ್ನು ಏನು ಮಾಡುತ್ತದೆ ಎಂದು ಕೇಳುತ್ತವೆ. ಸಮಾಜವೇ ಇಲ್ಲದ ಕಡೆ ಆ ವ್ಯಕ್ತಿ ಏನು ಮಾಡುತ್ತಾನೆ? ಅದನ್ನೇ ಬಂಡವಾಳ ಮಾಡಿಕೊಂಡದ್ದು ಕೌಬಾಯ್ ಸಿನಿಮಾ, ಅಂದರೆ ವೆಸ್ಟರ್ನ್.

ಅಲ್ಲಿಯ ಚರಿತ್ರೆಯೂ ಹಾಗೇ ಇದೆ. 1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿಯಿತು. ಸೋತವರು, ಸಾಲಗಾರರು, ಜಮೀನಿಲ್ಲದವರು, ಹೆಸರು ಕೆಡಿಸಿಕೊಂಡವರು ಎಲ್ಲ ಪಶ್ಚಿಮಕ್ಕೆ ಹೊರಟರು. ಜನ ಮೊದಲು ಹೋದರು. ಕೋರ್ಟು, ಪೊಲೀಸು, ಬ್ಯಾಂಕು ಹಿಂದಿನಿಂದ ಬಂದವು. ಹೆಚ್ಚಿನ ವೆಸ್ಟರ್ನ್‌ಗಳ ಕಥೆ ಈ ನಡುವಿನ ಇಪ್ಪತ್ತೈದು ಮೂವತ್ತು ವರ್ಷಗಳದ್ದು. ಒಬ್ಬ ಸವಾರ ಬರುತ್ತಾನೆ. ಅವನ ಅಪ್ಪ ಯಾರು, ಕುಲ ಯಾವುದು, ಹಿಂದಿನ ಊರಲ್ಲಿ ಏನು ಮಾಡಿ ಬಂದ, ಯಾರೂ ಕೇಳುವುದಿಲ್ಲ. ಅವನ ಬಳಿ ಇರುವುದು ಅವನು ಈಗ ಏನು ಮಾಡುತ್ತಾನೋ ಅಷ್ಟೇ.

ನಮ್ಮ ಕಾಲದ ಹುಡುಗರಿಗೆ ವೆಸ್ಟರ್ನ್ ಅಂದರೆ 1969ರ 'ಮೆಕೆನ್ನಾಸ್ ಗೋಲ್ಡ್'. ಆ ಚಿತ್ರ ನಮ್ಮ ದೇಶದಲ್ಲಿ ವರ್ಷಗಟ್ಟಲೆ ಮತ್ತೆ ಮತ್ತೆ ಓಡಿತು. ಆಮೇಲೆ 1975ರ 'ಶೋಲೆ'. ಅದನ್ನು ನಮ್ಮ ರಾಮನಗರದ ಬಂಡೆಗಳಲ್ಲೇ ತೆಗೆದರು. ಮುಂಬೈಯ ಮಿನರ್ವಾದಲ್ಲಿ ಐದು ವರ್ಷ ಓಡಿತು. ಠಾಕೂರನ ಮನೆಮಂದಿಯನ್ನು ಕೊಲ್ಲುವ ದೃಶ್ಯದ ಮೂಲ ಹುಡುಕಿದರೆ ಸೆರ್ಜಿಯೋ ಲಿಯೋನೆಯ 1968ರ ಚಿತ್ರ 'ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್' ಸಿಗುತ್ತದೆ. ಇವೆಲ್ಲ ಚೆನ್ನಾಗಿವೆ, ಇಲ್ಲ ಅನ್ನುವುದಿಲ್ಲ. ಆದರೆ ಇವುಗಳಿಂದಾಗಿ ವೆಸ್ಟರ್ನ್ ಅಂದರೆ ಢಂ ಢಂ ಎಂದು ನಾವು ತೀರ್ಮಾನ ಮಾಡಿಬಿಟ್ಟೆವು. ಫಿಲ್ಮ್ ಸೊಸೈಟಿಯ ಗೆಳೆಯರಂತೂ ಸತ್ಯಜಿತ್ ರಾಯ್, ಬರ್ಗ್‌ಮನ್ ಎಂದು ಮಾತಾಡುವಾಗ ನಾನು ಕೌಬಾಯ್ ಎಂದರೆ ಹುಡುಗಾಟದವನು ಎಂಬಂತೆ ನಗುತ್ತಿದ್ದರು.

ನನಗೆ ಆ ಸಿನಿಮಾಗಳ ಇನ್ನೊಂದು ಮುಖ ಪರಿಚಯವಾದದ್ದು 1990ರ ದಶಕದಲ್ಲಿ, ಕೇಬಲ್ ಟಿವಿಯಿಂದ. ನೆನಪಿರಬಹುದು, ಹಗಲೆಲ್ಲ ಮಕ್ಕಳ ಕಾರ್ಟೂನ್ ತೋರಿಸುತ್ತಿದ್ದ ಚಾನೆಲ್ಲು ರಾತ್ರಿಯಾದರೆ ಟಿಎನ್‌ಟಿ ಎಂದು ಹೆಸರು ಬದಲಿಸಿ ಹಳೆಯ ಇಂಗ್ಲಿಷ್ ಚಿತ್ರ ಹಾಕುತ್ತಿತ್ತು. ಡೊಂಬಿವಲಿಯ ಒಂದೂವರೆ ಕೋಣೆಯ ಮನೆಯಲ್ಲಿ ಮಕ್ಕಳು ಮಲಗಿದ ಮೇಲೆ ಧ್ವನಿ ತಗ್ಗಿಸಿ ನೋಡುತ್ತಿದ್ದೆ. ಮಾತು ಅರ್ಧ ತಿಳಿಯುತ್ತಿರಲಿಲ್ಲ. ಮುಖಗಳು ತಿಳಿಯುತ್ತಿದ್ದವು.

ಎಲ್ಲರೂ ಹೆಸರು ಕೇಳಿರುವ 'ಹೈ ನೂನ್' ಚಿತ್ರದಿಂದ ಶುರು ಮಾಡೋಣ. 1952ರ ಚಿತ್ರ, ನಿರ್ದೇಶಕ ಫ್ರೆಡ್ ಜಿನ್ನೆಮನ್. ಗ್ಯಾರಿ ಕೂಪರ್ ಒಂದು ಸಣ್ಣ ಊರಿನ ಮಾರ್ಷಲ್. ಅವತ್ತೇ ಮದುವೆ, ಅವತ್ತೇ ಕೆಲಸಕ್ಕೆ ವಿದಾಯ. ಅಷ್ಟರಲ್ಲಿ, ಅವನು ಹಿಂದೆ ಜೈಲಿಗೆ ಕಳಿಸಿದ್ದ ಪಾತಕಿ ಮಧ್ಯಾಹ್ನ ಹನ್ನೆರಡರ ರೈಲಿಗೆ ಬರುತ್ತಿದ್ದಾನೆ ಎಂದು ಸುದ್ದಿ. ಹೊರಟುಹೋದವನು ತಿರುಗಿ ಬರುತ್ತಾನೆ, ಸಹಾಯ ಕೇಳುತ್ತಾನೆ. ಚರ್ಚಿನಲ್ಲಿ, ಸಲೂನಿನಲ್ಲಿ, ಗೆಳೆಯರ ಮನೆಯಲ್ಲಿ ಎಲ್ಲರೂ ಒಂದೊಂದು ಕಾರಣ ಹೇಳಿ ಜಾರಿಕೊಳ್ಳುತ್ತಾರೆ. ಈ ಕಥೆ ಬರೆದ ಕಾರ್ಲ್ ಫೋರ್‌ಮನ್ ಸ್ವತಃ ಆಗ ಕಮ್ಯುನಿಸ್ಟ್ ವಿಚಾರಣೆಗೆ ಸಿಕ್ಕಿ ಕಪ್ಪುಪಟ್ಟಿಗೆ ಸೇರಿದವರು. ಗೆಳೆಯರು ಜಾರಿಕೊಳ್ಳುವುದು ಹೇಗಿರುತ್ತದೆ ಎಂದು ಅವರಿಗೆ ಗೊತ್ತಿತ್ತು. ಹಾವರ್ಡ್ ಹಾಕ್ಸ್ ಮತ್ತು ಜಾನ್ ವೇನ್ ಇಬ್ಬರಿಗೂ ಈ ಚಿತ್ರ ಹಿಡಿಸಲಿಲ್ಲ. ಕೆಲಸ ಬಲ್ಲ ಅಧಿಕಾರಿ ಹೀಗೆ ಊರೆಲ್ಲ ಅಂಗಲಾಚುತ್ತಾ ತಿರುಗುತ್ತಾನೆಯೇ ಎಂಬುದು ಅವರ ಆಕ್ಷೇಪ. ಅದಕ್ಕೆ ಉತ್ತರವಾಗಿ 1959ರಲ್ಲಿ 'ರಿಯೊ ಬ್ರಾವೊ' ಮಾಡಿದರು. ಅದರಲ್ಲಿ ಶೆರಿಫ್ ಕೆಲಸ ಬಾರದವರ ಸಹಾಯವನ್ನು ಬೇಡವೆನ್ನುತ್ತಾನೆ, ಆದರೂ ಸಹಾಯ ಬರುತ್ತದೆ. ಎರಡು ಸಿನಿಮಾಗಳ ನಡುವೆ ಇಂಥ ವಾದ ನಡೆಯುವುದು ನಮ್ಮ ಶಾಸ್ತ್ರಗಳಲ್ಲಿ ಪೂರ್ವಪಕ್ಷ, ಉತ್ತರಪಕ್ಷ ನಡೆದಂತೆ. ಢಂ ಢಂ ಸಿನಿಮಾದಲ್ಲಿ ಇದೂ ಇದೆ.

ಇನ್ನು 1957ರ 'ತ್ರೀ ಟೆನ್ ಟು ಯೂಮಾ'. 2007ರಲ್ಲಿ ಮತ್ತೆ ಮಾಡಿದ ಚಿತ್ರವನ್ನು ಈಗಿನವರು ಬಲ್ಲರು. ಡೆಲ್ಮರ್ ಡೇವ್ಸ್ ಮಾಡಿದ ಕಪ್ಪುಬಿಳುಪಿನ ಮೂಲವನ್ನು ನೋಡಿದವರು ಕಡಿಮೆ. ಡ್ಯಾನ್ ಇವಾನ್ಸ್ ಬರಗಾಲಕ್ಕೆ ಸಿಕ್ಕ ರೈತ. ದನಗಳಿಗೆ ನೀರು ಕೊಳ್ಳಲು ಅವನಿಗೆ 200 ಡಾಲರ್ ಬೇಕು. ಅಷ್ಟೇ ಹಣಕ್ಕೆ ಅವನು ಬೆನ್ ವೇಡ್ ಎಂಬ ದರೋಡೆಕೋರನನ್ನು ಯೂಮಾ ಜೈಲಿನ ರೈಲು ಹತ್ತಿಸುವ ಕೆಲಸ ಒಪ್ಪಿಕೊಳ್ಳುತ್ತಾನೆ. ರೈಲು ಬರುವವರೆಗೆ ಒಂದು ಹೋಟೆಲ್ ಕೋಣೆಯಲ್ಲಿ ಇಬ್ಬರೇ. ವೇಡ್ ನಗುನಗುತ್ತಾ, ಬಿಟ್ಟುಬಿಡು, ಸಾವಿರಾರು ಡಾಲರ್ ಕೊಡುತ್ತೇನೆ ಎನ್ನುತ್ತಾನೆ. ಹೊರಗೆ ಅವನ ತಂಡ ಕಾದಿದೆ. ಜೊತೆಗೆ ನಿಲ್ಲುತ್ತೇವೆ ಎಂದವರು ಒಬ್ಬೊಬ್ಬರೇ ಕಾಲ್ತೆಗೆಯುತ್ತಾರೆ. ನಿಂತವನೊಬ್ಬನೇ, ಊರಿನ ಕುಡುಕ; ಅವನನ್ನು ಕೊಂದು ನೇತುಹಾಕುತ್ತಾರೆ. ಕೊನೆಗೆ ಕೆಲಸ ಕೊಟ್ಟ ಧಣಿಯೇ ಬಂದು, ಸಾಕು, ನಿನ್ನನ್ನು ಬಿಟ್ಟಿದ್ದೇನೆ, ಹಣವನ್ನೂ ಕೊಡುತ್ತೇನೆ, ಮನೆಗೆ ಹೋಗು ಎನ್ನುತ್ತಾನೆ. ಕರಾರು ಅಲ್ಲಿಗೆ ಮುಗಿಯಿತು. ಡ್ಯಾನ್ ಹೋಗುವುದಿಲ್ಲ. ಆ ಕುಡುಕ ಸತ್ತದ್ದಕ್ಕೆ ಒಂದು ಬೆಲೆ ಇರಬೇಕು ಎಂಬುದಷ್ಟೇ ಅವನ ಕಾರಣ.

ಇದು ಸಿನಿಮಾದಲ್ಲಿ ಮಾತ್ರ ಆಗುತ್ತದೆ ಎನ್ನುವವರಿಗಾಗಿ ಒಂದು ಘಟನೆ ಹೇಳುತ್ತೇನೆ. ಸಾಲದ ವಿಷಯದಲ್ಲಿ ಒಂದು ಕಾನೂನಿದೆ, 1963ರ ಕಾಲಮಿತಿ ಕಾಯ್ದೆ. ಸಾಲಗಾರ ಮೂರು ವರ್ಷ ಕಂತು ಕಟ್ಟದೆ, ಕಾಗದಕ್ಕೆ ಸಹಿಯನ್ನೂ ಹಾಕದೆ ಇದ್ದರೆ ಸಾಧಾರಣ ಸಾಲದಲ್ಲಿ ಅವನ ಮೇಲೆ ದಾವೆ ಹಾಕುವಂತಿಲ್ಲ. ಬ್ಯಾಂಕಿನ ಭಾಷೆಯಲ್ಲಿ ಟೈಮ್ ಬಾರ್ ಆದ ಸಾಲ. ನಾನು ಮ್ಯಾನೇಜರಾಗಿದ್ದ ಒಂದು ಶಾಖೆಗೆ ಉತ್ತರಪ್ರದೇಶದ ಒಬ್ಬ ತರಕಾರಿ ವ್ಯಾಪಾರಿ ಬಂದ. ಏಳು ವರ್ಷದ ಹಿಂದೆ ಗಾಡಿಗೆಂದು ಸಾಲ ತೆಗೆದು, ಕಾಯಿಲೆ ಬಿದ್ದು ಊರಿಗೆ ಹೋಗಿದ್ದವನು. ಸಾಲವನ್ನು ನಾವು ಎಂದೋ ರೈಟ್ ಆಫ್ ಮಾಡಿ ಕೈತೊಳೆದುಕೊಂಡಿದ್ದೆವು. ಹನ್ನೊಂದು ಸಾವಿರ ಚಿಲ್ಲರೆಯನ್ನು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ. ಅವನ ಹಳೆಯ ಫೈಲು ಹುಡುಕಲಿಕ್ಕೇ ನಮಗೆ ಅರ್ಧ ದಿನ ಹಿಡಿಯಿತು. ಯಾಕಪ್ಪಾ ಈಗ ತಂದೆ ಎಂದು ಕೇಳಿದೆ. 'ಆಗಿನ ಸಾಹೇಬರಿಗೆ ಕೊಡ್ತೇನೆ ಅಂದಿದ್ದೆ' ಎಂದ. ಆ ಸಾಹೇಬರು ವರ್ಗವಾಗಿ ಐದು ವರ್ಷವಾಗಿತ್ತು. ಅವರು ಯಾವ ಊರಲ್ಲಿದ್ದಾರೆ ಎಂದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವನಿಗೆ ಅದು ಬೇಕೂ ಇರಲಿಲ್ಲ. ರಸೀದಿ ತೆಗೆದುಕೊಂಡು ಹೋದ.

ಸಣ್ಣ ಬಜೆಟ್ಟಿನ ವೆಸ್ಟರ್ನ್‌ಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಬಡ್ ಬೋಟಿಕರ್ ಎಂಬ ನಿರ್ದೇಶಕ, ರ‍್ಯಾಂಡಾಲ್ಫ್ ಸ್ಕಾಟ್ ಎಂಬ ನಟ 1956ರಿಂದ 1960ರೊಳಗೆ ಏಳು ಚಿತ್ರ ಮಾಡಿದರು. ಹೆಚ್ಚಿನವು ಒಂದೂಕಾಲು ಗಂಟೆಯವು, ಬೆರಳೆಣಿಕೆಯ ಪಾತ್ರಗಳು. ಮೊದಲನೆಯದಾದ 'ಸೆವೆನ್ ಮೆನ್ ಫ್ರಮ್ ನೌ' ಚಿತ್ರವನ್ನು ಫ್ರಾನ್ಸಿನ ವಿಮರ್ಶಕ ಆಂದ್ರೆ ಬಜಾನ್ 1957ರಲ್ಲೇ ಹೊಗಳಿ ಬರೆದಿದ್ದರೂ ಅದು ದಶಕಗಟ್ಟಲೆ ನೋಡಲು ಸಿಗದೆ, 2000ದ ಹೊತ್ತಿಗೆ ಪ್ರತಿಯನ್ನು ದುರಸ್ತಿ ಮಾಡಿದ ಮೇಲೆ ಮತ್ತೆ ಬೆಳಕಿಗೆ ಬಂತು. 1959ರ 'ರೈಡ್ ಲೋನ್‌ಸಮ್' ಚಿತ್ರದಲ್ಲಿ ನಾಯಕ ಒಬ್ಬ ಕೊಲೆಗಾರ ಹುಡುಗನನ್ನು ಹಿಡಿದು ಒಯ್ಯುತ್ತಾನೆ, ಬಹುಮಾನದ ಹಣಕ್ಕೆ ಎಂದು ಎಲ್ಲರೂ ತಿಳಿಯುತ್ತಾರೆ. ಅವನಿಗೆ ಬೇಕಾದವನು ಆ ಹುಡುಗನ ಅಣ್ಣ. ಹಿಂದೆ ಅವನು ಇವನ ಹೆಂಡತಿಯನ್ನು ಒಂದು ಮರಕ್ಕೆ ನೇಣುಹಾಕಿದ್ದ. ಸೇಡು ತೀರಿದ ಮೇಲೆ, ಹುಡುಗನನ್ನು ಒಪ್ಪಿಸಿದರೆ ತಮಗೆ ಕ್ಷಮಾದಾನ ಸಿಗುತ್ತದೆ ಎಂದು ಕಾದಿದ್ದ ಇಬ್ಬರು ಹಳೆಯ ಪುಂಡರಿಗೆ ಅವನನ್ನು ಬಿಟ್ಟುಕೊಡುತ್ತಾನೆ, ಬದುಕಿಕೊಳ್ಳಿ ಎಂಬಂತೆ. ಅವರೆಲ್ಲ ಹೋದ ಮೇಲೆ ಆ ಮರಕ್ಕೆ ಬೆಂಕಿ ಹಚ್ಚಿ ನಿಲ್ಲುತ್ತಾನೆ. ಒಂದು ಮಾತೂ ಇಲ್ಲ. ಸೇಡು ತೀರಿಸಿಕೊಂಡವನ ಕೈಯಲ್ಲಿ ಕೊನೆಗೆ ಏನು ಉಳಿಯುತ್ತದೆ ಎಂದು ಇದಕ್ಕಿಂತ ಚಿಕ್ಕದಾಗಿ ಹೇಳಲಾಗದು.

ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಇದೇ ರ‍್ಯಾಂಡಾಲ್ಫ್ ಸ್ಕಾಟರ ಕೊನೆಯ ಚಿತ್ರ, 1962ರ 'ರೈಡ್ ದ ಹೈ ಕಂಟ್ರಿ'. ಸ್ಯಾಮ್ ಪೆಕಿನ್‌ಪಾ ನಿರ್ದೇಶನದ ಇದನ್ನು ಎಂಜಿಎಂ ಕಂಪನಿ ಜೋಡಿ ಪ್ರದರ್ಶನದಲ್ಲಿ ಎರಡನೆಯ ಚಿತ್ರವನ್ನಾಗಿ, ಅಂದರೆ ಉಪ್ಪಿನಕಾಯಿಯ ಹಾಗೆ, ಬಿಡುಗಡೆ ಮಾಡಿತು. ಇದು ಬ್ಯಾಂಕಿನ ಕಥೆ. ಬೆಟ್ಟದ ಮೇಲಿನ ಗಣಿಯಿಂದ ಚಿನ್ನವನ್ನು ಕೆಳಗಿನ ಬ್ಯಾಂಕಿಗೆ ತರಬೇಕು. ಆ ಕೆಲಸಕ್ಕೆ ಸ್ಟೀವ್ ಜಡ್ ಎಂಬ ಮುದುಕ ಬರುತ್ತಾನೆ. ಒಂದು ಕಾಲದ ಹೆಸರಾಂತ ಮಾರ್ಷಲ್, ಈಗ ಅಂಗಿಯ ತೋಳಿನ ಅಂಚು ಹರಿದಿದೆ. ಬ್ಯಾಂಕಿನವರು ಕೊಟ್ಟ ಕರಾರು ಪತ್ರವನ್ನು ಅವನು ಪಾಯಖಾನೆಗೆ ಹೋಗಿ ಬಾಗಿಲು ಹಾಕಿಕೊಂಡು ಓದುತ್ತಾನೆ. ಕನ್ನಡಕ ಹಾಕುವುದನ್ನು ಅವರು ನೋಡಿದರೆ ಕೆಲಸ ಹೋದೀತು ಎಂಬ ಅಂಜಿಕೆ. ಅರವತ್ತಕ್ಕೆ ನಿವೃತ್ತನಾದ ಯಾರಾದರೂ ಆ ದೃಶ್ಯ ನೋಡಿ ನಗಲಿ ನೋಡೋಣ.

ಜೊತೆಗೆ ಅವನ ಹಳೆಯ ಸಂಗಾತಿ ಗಿಲ್ ವೆಸ್ಟ್ರಮ್ ಹೊರಡುತ್ತಾನೆ. ಅವನಿಗೆ ಚಿನ್ನ ಕದಿಯುವ ಯೋಚನೆ. ಆದಷ್ಟು ಜಡ್‌ನನ್ನೇ ಒಪ್ಪಿಸಿ ಕದಿಯುವ ಯೋಚನೆ. ದಾರಿಯುದ್ದಕ್ಕೂ ಹಳೆಯ ಕಥೆ ತೆಗೆಯುತ್ತಾನೆ. ನಾವು ಈ ಜನಕ್ಕಾಗಿ ಗುಂಡು ತಿಂದೆವು, ಯೌವನ ಕೊಟ್ಟೆವು, ನಮಗೆ ಇವರು ಕೊಟ್ಟದ್ದೇನು?

ಈ ವಾದವನ್ನು ನಾನು ಸಿನಿಮಾದಲ್ಲಿ ಮಾತ್ರ ಕೇಳಿಲ್ಲ. 2000-01ರಲ್ಲಿ ಸರ್ಕಾರಿ ಬ್ಯಾಂಕುಗಳಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂದು ಲಕ್ಷದಷ್ಟು ಜನ ಹೊರನಡೆದಾಗ ಊಟದ ಕೋಣೆಯಲ್ಲಿ ದಿನಾ ಇದೇ ಮಾತು. ಮೂವತ್ತು ವರ್ಷ ದುಡಿದದ್ದಕ್ಕೆ ಇಷ್ಟೇನಾ ಎಂಬ ನೋವು ಸುಳ್ಳಲ್ಲ. ಗಿಲ್‌ನ ಮಾತೂ ಸುಳ್ಳಲ್ಲ, ಅದೇ ಈ ಚಿತ್ರದ ಶಕ್ತಿ. ಜಡ್ ಬಳಿ ಅದಕ್ಕೆ ತರ್ಕದ ಉತ್ತರ ಇಲ್ಲ. ತನ್ನ ಮನೆಗೆ ತಾನು ಸರಿಯಾಗಿ ನಡೆದವನಾಗಿ ಒಳಹೋಗಬೇಕು, ಬೇರೇನೂ ಬೇಡ ಎಂಬರ್ಥದ ಒಂದು ಮಾತು ಹೇಳುತ್ತಾನೆ. ಅದು ಬೈಬಲ್ಲಿನ ಲೂಕನ ಸುವಾರ್ತೆಯ ಒಂದು ದೃಷ್ಟಾಂತದಿಂದ ಬಂದದ್ದು. ತಮಾಷೆಯೆಂದರೆ ಜಡ್‌ಗೆ ಮನೆಯೇ ಇಲ್ಲ, ಕಾದಿರುವ ಹೆಂಡತಿಯೂ ಇಲ್ಲ.

ಇಲ್ಲಿ ಬ್ಯಾಂಕಿನ ಒಂದು ಪದ್ಧತಿಯನ್ನು ವಿವರಿಸಬೇಕು. ತಿಜೋರಿಗೆ ಎರಡು ಕೀಲಿ. ಒಂದು ಅಧಿಕಾರಿಯ ಬಳಿ, ಇನ್ನೊಂದು ಹೆಡ್ ಕ್ಯಾಶಿಯರ್ ಬಳಿ. ಎರಡೂ ಸೇರದೆ ಬಾಗಿಲು ತೆರೆಯುವುದಿಲ್ಲ. ಜಾಯಿಂಟ್ ಕಸ್ಟಡಿ ಎನ್ನುತ್ತೇವೆ. ಯಾರ ಮೇಲೂ ಅನುಮಾನವಿಲ್ಲ, ಆದರೆ ಯಾರನ್ನೂ ಹಣದ ಜೊತೆ ಒಂಟಿಯಾಗಿ ಬಿಡಬಾರದು ಎಂಬ ಹಳೆಯ ವಿವೇಕ. ನಾನು ಹೊಸದಾಗಿ ಆ ಕೀಲಿ ಪಡೆದಾಗ, ಊರು ಕೂಡ ಹೀಗೇ ಅಲ್ಲವೇ ಅನ್ನಿಸಿತ್ತು. ನಮ್ಮ ನಡತೆಯ ಒಂದು ಕೀಲಿ ನಮ್ಮ ಹತ್ತಿರ, ಇನ್ನೊಂದು ಊರಿನವರ ಹತ್ತಿರ. ಊರು ಬಿಟ್ಟವನು ಎರಡೂ ಕೀಲಿಯನ್ನು ಒಂದೇ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಾನೆ. ಯಾವ ಆಡಿಟರನೂ ಒಪ್ಪದ ವ್ಯವಸ್ಥೆ!

ಪೆಕಿನ್‌ಪಾ ತೋರಿಸುವುದೂ ಜಾಯಿಂಟ್ ಕಸ್ಟಡಿಯೇ. ಒಂದು ರಾತ್ರಿ ಗಿಲ್ ಚಿನ್ನ ಎತ್ತಿಕೊಂಡು ಹೊರಡುತ್ತಾನೆ, ಜಡ್ ಹಿಡಿಯುತ್ತಾನೆ, ಕೈ ಕಟ್ಟುತ್ತಾನೆ, ಕಾನೂನಿಗೆ ಒಪ್ಪಿಸುತ್ತೇನೆ ಎನ್ನುತ್ತಾನೆ. ಗಿಲ್ ತಪ್ಪಿಸಿಕೊಳ್ಳುತ್ತಾನೆ. ಆದರೆ ಕೊನೆಯಲ್ಲಿ, ಜಡ್ ದುಷ್ಟರ ಗುಂಡಿಗೆ ಸಿಕ್ಕಿಕೊಂಡಾಗ, ಕುದುರೆ ಓಡಿಸಿಕೊಂಡು ವಾಪಸು ಬರುತ್ತಾನೆ. ಸಾಯುತ್ತಿರುವ ಗೆಳೆಯನಿಗೆ ಚಿನ್ನವನ್ನು ಬ್ಯಾಂಕಿಗೆ ಮುಟ್ಟಿಸುತ್ತೇನೆ ಎಂದು ಮಾತು ಕೊಡುತ್ತಾನೆ. ಅದು ನನಗೆ ಮೊದಲಿಂದ ಗೊತ್ತೇ ಇತ್ತು, ನೀನು ಸ್ವಲ್ಪ ಕಾಲ ಮರೆತಿದ್ದೆ ಅಷ್ಟೇ ಎನ್ನುವಂತೆ ಜಡ್ ಹೇಳುತ್ತಾನೆ. ಚಿತ್ರ ಅಲ್ಲಿಗೆ ಮುಗಿಯುತ್ತದೆ. ಗಿಲ್ ಬೆಟ್ಟ ಇಳಿದು ಬ್ಯಾಂಕಿಗೆ ಹೋದದ್ದನ್ನು ನಮಗೆ ತೋರಿಸುವುದಿಲ್ಲ. ಕಾಯಲು ಯಾರೂ ಉಳಿದಿಲ್ಲ. ಆದರೂ ಅವನು ಮುಟ್ಟಿಸಿಯೇ ಮುಟ್ಟಿಸುತ್ತಾನೆ ಎಂದು ನೋಡುವವನಿಗೆ ಗೊತ್ತು. ಯಾಕೆ ಗೊತ್ತು?

ಈ ಪ್ರಶ್ನೆ ಹಲವು ವರ್ಷ ನನ್ನ ಜೊತೆಗಿತ್ತು. ಮೊದಲು ನಾನು, ಆತ್ಮಸಾಕ್ಷಿ ಎಂದುಕೊಂಡಿದ್ದೆ. ಗುರುತಿಲ್ಲದ ಊರಿನಲ್ಲಿ ಮನುಷ್ಯ ತನಗೆ ತಾನೇ ಕಾವಲು ಎಂದು. ವೆಸ್ಟರ್ನ್‌ಗಳನ್ನು ಹೊಗಳುವವರು ಹೇಳುವುದೂ ಇದನ್ನೇ, ಒಂಟಿ ಸವಾರ, ಒಂಟಿ ಧೈರ್ಯ. ಈಗ ಹಾಗನ್ನಿಸುವುದಿಲ್ಲ. ಒಂಟಿತನದಲ್ಲಿ ಗಿಲ್ ಕಳ್ಳನಾಗಿದ್ದ. ಅವನನ್ನು ನೇರ ಮಾಡಿದ್ದು ಜಡ್ ಅವನ ಮೇಲಿಟ್ಟ ನಂಬಿಕೆ. ಡ್ಯಾನ್ ಇವಾನ್ಸನನ್ನು ನಿಲ್ಲಿಸಿದ್ದು ಸತ್ತ ಕುಡುಕ. ನನ್ನ ತರಕಾರಿಯವನನ್ನು ಕರೆತಂದದ್ದು, ಅವನ ಮಾತನ್ನೇ ಜಾಮೀನು ಎಂದು ಒಪ್ಪಿದ ಒಬ್ಬ ಮ್ಯಾನೇಜರ್. ಪರಊರಿನಲ್ಲಿ ಎರಡನೇ ಕೀಲಿ ಕಳೆದುಹೋಗಿರುವುದಿಲ್ಲ. ನಮ್ಮನ್ನು ಮೊದಲು ನಂಬಿದವರ ಬಳಿ ಅದು ಇರುತ್ತದೆ. 1982ರಲ್ಲಿ ಮಾಟುಂಗಾದ ಒಂದು ಖಾನಾವಳಿಯ ಯಜಮಾನರು ಹೆಸರನ್ನಷ್ಟೇ ಕೇಳಿ ನನಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕಿದರು. ಮೊದಲ ಸಂಬಳ ಬರಲು ಇಪ್ಪತ್ತಾರು ದಿನ ಇತ್ತು. ಆ ಪುಸ್ತಕದಲ್ಲಿ ನನ್ನ ಹೆಸರು ಬರೆದ ಕೈ ನನ್ನನ್ನು ಕಾದಷ್ಟು, ಕುಮಟೆಯ ಇಡೀ ಪೇಟೆಯೂ ಕಾಯಲಿಲ್ಲ.

ಪುಣ್ಯಕೋಟಿಯ ಕಥೆಯನ್ನು ಆಯಿಯ ಬಾಯಲ್ಲಿ ಕೇಳಿ ಬೆಳೆದವರು ನಾವು. ಎಲ್ಲರೂ ಹಸುವಿನ ಸತ್ಯವನ್ನು ಹೊಗಳುತ್ತೇವೆ. ಬ್ಯಾಂಕಿನವನ ಕಣ್ಣಿಗೆ ಅಲ್ಲಿ ಇನ್ನೊಂದು ಕಾಣುತ್ತದೆ. ಮೊದಲು ಜಾಮೀನಿಲ್ಲದೆ ಸಾಲ ಕೊಟ್ಟದ್ದು ಹುಲಿ. ಹಸಿದ ಹುಲಿ ಹೋಗಿ ಬಾ ಎಂದದ್ದರಿಂದಲೇ ಹಸುವಿಗೆ ಸತ್ಯ ನಡೆಸುವ ಅವಕಾಶ ಸಿಕ್ಕಿತು. ನಮ್ಮ ಕಥೆಯಲ್ಲಿ ಆ ಹುಲಿ ಕೊನೆಗೆ ಪ್ರಾಣ ಬಿಡುತ್ತದೆ. ಪೆಕಿನ್‌ಪಾನ ಹುಲಿ, ಅಂದರೆ ಗಿಲ್, ಬದುಕಿ ಚಿನ್ನ ಹೊತ್ತು ಹೊರಡುತ್ತಾನೆ. ಬದುಕಿ ಹೊರುವುದು ಹೆಚ್ಚು ಕಷ್ಟ ಎಂದು ನನಗೆ ತೋರುತ್ತದೆ.

ಈ ಸಿನಿಮಾಗಳನ್ನು ಹೊಗಳುವಾಗ ಮುಚ್ಚಿಡಬಾರದ ಒಂದು ಸಂಗತಿಯೂ ಇದೆ. ಇವುಗಳಲ್ಲಿ 'ಖಾಲಿ' ಎಂದು ತೋರಿಸುವ ನೆಲ ಖಾಲಿ ಇರಲಿಲ್ಲ. ಅಲ್ಲಿಯ ಮೂಲನಿವಾಸಿಗಳನ್ನು ಎಷ್ಟೋ ಚಿತ್ರಗಳು ಬರೀ ಕೂಗುವ, ಬೀಳುವ ಗುಂಪಾಗಿ ತೋರಿಸಿದವು. ಜಾನ್ ಫೋರ್ಡ್ 1956ರ 'ದ ಸರ್ಚರ್ಸ್' ಚಿತ್ರದಲ್ಲಿ ಕೊಮಾಂಚೆ ಜನರನ್ನು ದ್ವೇಷಿಸುವವನನ್ನೇ ನಾಯಕನನ್ನಾಗಿ ಮಾಡಿ, ಕೊನೆಗೆ ಅವನನ್ನು ಮನೆಯ ಬಾಗಿಲಾಚೆ ನಿಲ್ಲಿಸಿ ಬಾಗಿಲು ಮುಚ್ಚಿದರು. ಅದನ್ನು ತೆಗೆದದ್ದು ನವಾಹೊ ಜನರ ನೆಲದಲ್ಲಿ. ನಂಬಿಕೆ, ಮಾತು, ಕರಾರು ಎಂದು ಇಷ್ಟು ಮಾತಾಡುವ ಆ ಸವಾರರ ಸರ್ಕಾರವು ಆ ಜನರಿಗೆ ಬರೆದುಕೊಟ್ಟ ಕರಾರುಗಳನ್ನು ಮುರಿಯುತ್ತಲೇ ಬಂತು. ಹೊರಗಿನಿಂದ ಬಂದವನು ಇದನ್ನು ಮರೆಯಬಾರದು. ಬಂದ ಊರು ಮೊದಲು ಬೇರೆಯವರದ್ದು. ಮರಾಠಿ ಕಲಿಯದೆ ಮುಂಬೈಯಲ್ಲಿ ಇಡೀ ಆಯುಷ್ಯ ಕಳೆದ ನಮ್ಮವರನ್ನು ನೋಡಿದಾಗ ನನಗೆ ಇದೇ ನೆನಪಾಗುತ್ತದೆ. ನಂಬಿಕೆ ಪಡೆದವನಿಗೆ ಅವರ ಭಾಷೆಯ ನಾಲ್ಕು ಮಾತಿನ ಋಣವಾದರೂ ಇರುತ್ತದೆ.

ಊರಿನಲ್ಲೇ ಇರುವ ನಿಮಗೆ ಇದೆಲ್ಲ ದೂರದ ಮಾತು ಅನ್ನಿಸಬಹುದು. ಆದರೆ ಈಚೆಗೆ ಊರಿಗೆ ಬಂದಾಗೆಲ್ಲ ನೋಡುತ್ತೇನೆ. ಹೋಟೆಲಿನಲ್ಲಿ ಟೇಬಲ್ ಒರೆಸುವವನು ಒಡಿಶಾದವನು, ಕಟ್ಟಡಕ್ಕೆ ಕಬ್ಬಿಣ ಕಟ್ಟುವವನು ಬಿಹಾರದವನು. ಅವನನ್ನು ಯಾರ ಮಗ ಎಂದು ಕೇಳುವವರಿಲ್ಲ. ಕೇಳಿದರೂ ಹೇಳಿ ಪ್ರಯೋಜನವಿಲ್ಲ. ಅಂಗಡಿಯಲ್ಲಿ ಏನಾದರೂ ಕಳೆದರೆ ಮೊದಲು ಅವನ ಮುಖವನ್ನೇ ನೋಡುತ್ತೇವೆ. ನಮ್ಮೂರಿಗೆ ಬಂದ ಗುರುತಿಲ್ಲದ ಸವಾರ ಅವನು. ಒಂದು ತಿಂಗಳ ಸಾಮಾನು ಅವನಿಗೆ ಲೆಕ್ಕದಲ್ಲಿ ಕೊಟ್ಟು ನೋಡಿ. ಕೆಲವರು ಕೊಡದೆ ಹೋಗುತ್ತಾರೆ, ಅದನ್ನು ಬ್ಯಾಂಕಿನವನಾಗಿ ನಾನು ಅಲ್ಲಗಳೆಯಲಾರೆ. ಹೆಚ್ಚಿನವರು ಕೊಡುತ್ತಾರೆ, ನನ್ನ ಮೂವತ್ತೆಂಟು ವರ್ಷದ ಸರ್ವಿಸ್ ನಡೆದದ್ದೇ ಆ ಹೆಚ್ಚಿನವರಿಂದ.